ಡೇ ಕೇರ್‌ನಲ್ಲಿ ವಾಂತಿ ಭೇದಿ ಶುರುವಾದರೆ ಏನು ಮಾಡಬೇಕು

ಡೇ ಕೇರ್‌ನಲ್ಲಿ ಒಂದು ಮಗುವಿಗೆ ವಾಂತಿ ಶುರುವಾದರೆ ಎರಡು ಮೂರು ದಿನದಲ್ಲಿ ಉಳಿದ ಮಕ್ಕಳಿಗೆ, ಆಮೇಲೆ ಆಯಾಗೆ, ಕೊನೆಗೆ ಮನೆಯಲ್ಲಿರುವ ಅಜ್ಜಿಗೂ ಬರಬಹುದು. ತಿಂದಿದ್ದು ಹೆಚ್ಚುಕಮ್ಮಿ ಆಯ್ತು, ಹಲ್ಲು ಬರ್ತಿದೆ, ದೃಷ್ಟಿ ತಗುಲಿತು ಅಂತ ನಾವು ಏನೇನೋ ಹೇಳುತ್ತೇವೆ. ಆದರೆ ಎಷ್ಟೋ ಸಲ ಕಾರಣ ರೋಟಾ ಅಥವಾ ನೋರೋ ವೈರಸ್. ಬಾಯಿಗಿಟ್ಟ ಆಟಿಕೆ, ಡೈಪರ್ ಬದಲಿಸಿ ಸರಿಯಾಗಿ ತೊಳೆಯದ ಕೈ, ಹರಡಲು ಇಷ್ಟು ಸಾಕು.

ಮೊದಲ ಕೆಲಸ ಓಆರ್‌ಎಸ್, ಅಂದರೆ ಮೈಯಿಂದ ಹೋದ ನೀರು, ಉಪ್ಪನ್ನು ತುಂಬುವ ಪುಡಿ ಬೆರೆಸಿದ ನೀರು ಕುಡಿಸುವುದು. ದೊಡ್ಡ ಪ್ಯಾಕೆಟ್ ಆದರೆ ಪೂರ್ತಿ ಪುಡಿಯನ್ನು ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಹಾಕಿ, 24 ಗಂಟೆ ಆದ ಮೇಲೆ ಉಳಿದದ್ದನ್ನು ಚೆಲ್ಲಿ. ಅರ್ಧ ಪುಡಿ ಅಂದಾಜಿಗೆ ಹಾಕಬೇಡಿ, ಉಪ್ಪು ಸಕ್ಕರೆಯ ಲೆಕ್ಕ ತಪ್ಪುತ್ತದೆ. ಮೆಡಿಕಲ್ ಶಾಪ್‌ನಲ್ಲಿ ಸಿಗುವ ಹಣ್ಣಿನ ರುಚಿಯ ಸಿಹಿ ಡಬ್ಬಿಗಳು ಓಆರ್‌ಎಸ್ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ (ಡಬ್ಲ್ಯುಎಚ್‌ಒ) ಸೂತ್ರಕ್ಕೆ ಹೊಂದದ ಪಾನೀಯಗಳ ಮೇಲೆ ಆ ಹೆಸರು ಹಾಕಬಾರದು ಅಂತ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2025ರಲ್ಲಿ ಆದೇಶವನ್ನೇ ಹೊರಡಿಸಿದೆ. ಜಾಸ್ತಿ ಸಕ್ಕರೆ ಹೋದರೆ ಭೇದಿ ಇನ್ನೂ ಹೆಚ್ಚುತ್ತದೆ. ಎಳನೀರು ಕೊಡಿ, ಆದರೆ ಅದರಲ್ಲಿ ಸೋಡಿಯಂ ಕಡಿಮೆ, ಓಆರ್‌ಎಸ್ ಬದಲಿಗೆ ಅದೊಂದೇ ಸಾಲದು. ವಾಂತಿ ಆದರೆ ಹತ್ತು ನಿಮಿಷ ಬಿಟ್ಟು ಒಂದೊಂದೇ ಚಮಚ ಕುಡಿಸಿ. ಎದೆಹಾಲು ನಿಲ್ಲಿಸಬೇಡಿ. ಅನ್ನ ತಿನ್ನುವ ಮಗುವಿಗೆ ಗಂಜಿ, ಮೊಸರನ್ನ, ಬಾಳೆಹಣ್ಣು ಕೊಡಿ, ಉಪವಾಸ ಇಡಬೇಡಿ. ಜಿಂಕ್ ಔಷಧ ಎಷ್ಟು ಕೊಡಬೇಕು ಅಂತ ಡಾಕ್ಟರನ್ನು ಕೇಳಿ, ಭೇದಿ ನಿಂತರೂ ಅವರು ಹೇಳಿದಷ್ಟು ದಿನ ಕೊಡಿ. ವೈರಸ್‌ಗೆ ಆಂಟಿಬಯಾಟಿಕ್ ಕೆಲಸ ಮಾಡಲ್ಲ, ಭೇದಿ ನಿಲ್ಲಿಸುವ ಮಾತ್ರೆಯಂತೂ ಚಿಕ್ಕ ಮಕ್ಕಳಿಗೆ ಬೇಡವೇ ಬೇಡ.

ಆರೇಳು ಗಂಟೆ ಮೂತ್ರ ಇಲ್ಲ, ಕಣ್ಣು ಗುಳಿಬಿದ್ದಿದೆ, ಅತ್ತರೂ ಕಣ್ಣೀರಿಲ್ಲ, ಮಂಕಾಗಿ ಮಲಗಿದೆ, ಭೇದಿಯಲ್ಲಿ ರಕ್ತ, ಕುಡಿದದ್ದೆಲ್ಲ ವಾಂತಿ: ಇದರಲ್ಲಿ ಒಂದು ಕಂಡರೂ ಕಾಯದೆ ಆಸ್ಪತ್ರೆಗೆ ಹೋಗಿ.

ಈಗ ಕಷ್ಟದ ಮಾತು. ವಾಂತಿ ಭೇದಿ ನಿಂತ ಮೇಲೂ 48 ಗಂಟೆ ಮಗುವನ್ನು ಡೇ ಕೇರ್‌ಗೆ ಕಳಿಸಬೇಡಿ. ರಜೆ ಸಿಗಲ್ಲ, ಸಂಬಳ ಹೋಗುತ್ತದೆ, ನೋಡಿಕೊಳ್ಳಲು ಯಾರೂ ಇಲ್ಲ, ಇದೆಲ್ಲ ನಿಜ, ಮನೆಕೆಲಸಕ್ಕೆ ಗಾರ್ಮೆಂಟ್ಸ್‌ಗೆ ಹೋಗುವ ತಾಯಂದಿರಿಗೆ ಇನ್ನೂ ನಿಜ. ಅದಕ್ಕೇ ಆರೋಗ್ಯವಾಗಿರುವಾಗಲೇ ಗಂಡ ಹೆಂಡತಿ ಕೂತು ಯಾರು ಯಾವ ದಿನ ರಜೆ ಹಾಕುವುದು ಅಂತ ಮಾತಾಡಿಕೊಳ್ಳಿ. ಪ್ರತಿ ಸಲ ತಾಯಿಯೇ ಯಾಕೆ ಉಳಿಯಬೇಕು, ಅಲ್ವಾ?

ಡೇ ಕೇರ್ ನಡೆಸುವವರಿಗೆ ಒಂದು ಮಾತು: ಸ್ಯಾನಿಟೈಸರ್ ನಂಬಬೇಡಿ, ನೋರೋ ವೈರಸ್ ಅದಕ್ಕೆ ಸರಿಯಾಗಿ ಬಗ್ಗಲ್ಲ. ಸೋಪು ಹಚ್ಚಿ 20 ಸೆಕೆಂಡ್ ಉಜ್ಜಿ ತೊಳೆಯಬೇಕು. ವಾಂತಿ ಬಿದ್ದ ಜಾಗವನ್ನು ಗ್ಲೌಸ್ ಹಾಕಿ ಒರೆಸಿ, ಆಮೇಲೆ ಒಂದು ಲೀಟರ್ ನೀರಿಗೆ 20 ಎಂಎಲ್‌ನಂತೆ 5% ಬ್ಲೀಚ್ ಬೆರೆಸಿ ಹಚ್ಚಿ, ಐದು ನಿಮಿಷ ಬಿಟ್ಟು ತೊಳೆಯಿರಿ. ಬೇರೆ ಕ್ಲೀನರ್ ಜೊತೆ ಬ್ಲೀಚ್ ಸೇರಿಸಲೇಬೇಡಿ.

ರೋಟಾ ಲಸಿಕೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ, 6, 10, 14ನೇ ವಾರಕ್ಕೆ ಬಾಯಿಗೆ ಹಾಕುತ್ತಾರೆ. ಒಂದು ವರ್ಷ ದಾಟಿದ ಮೇಲೆ ಶುರು ಮಾಡಲ್ಲ, ಹಾಗಾಗಿ ತಾಯಿ ಕಾರ್ಡ್ ಇವತ್ತೇ ತೆಗೆದು ನೋಡಿ.