ಬ್ಯಾಂಕ್ ಇ-ಹರಾಜಿನ ಹೆಸರಿನಲ್ಲಿ ಬರುವ ನಕಲಿ ಆಹ್ವಾನ: ಹಣ ಕಟ್ಟುವ ಮುನ್ನ ಪತ್ತೆ ಹಚ್ಚುವುದು ಹೇಗೆ?

ಸಾಲಕ್ಕೆ ಜಪ್ತಿಯಾದ ಮನೆಯನ್ನು ಹರಾಜು ಹಾಕುವಾಗ ಊರಿಗೆಲ್ಲ ತಿಳಿಯುವಂತೆ ಡಂಗುರ ಸಾರಿ, ಆ ಮನೆಯ ಮುಂದೆಯೇ ನಿಂತು ‘ಒಂದು ಸಾರಿ, ಎರಡು ಸಾರಿ, ಮೂರು ಸಾರಿ’ ಎಂದು ಕೂಗುವ ಕ್ರಮ ಹಿಂದೆ ಇತ್ತು. ಕೊಳ್ಳುವವರಿಗೆ ಮನೆಯೂ ಕಾಣುತ್ತಿತ್ತು, ಮಾರುವ ಅಧಿಕಾರಿಯೂ ಕಾಣುತ್ತಿದ್ದರು, ಪೈಪೋಟಿಗೆ ನಿಂತವರ ಮುಖವೂ ಕಾಣುತ್ತಿತ್ತು. ಈಗ ಈ ಮೂರೂ ಮೊಬೈಲ್ ಪರದೆಯ ಹಿಂದಕ್ಕೆ ಸರಿದಿವೆ. ಮಂಡ್ಯದಲ್ಲಿ ಕುಳಿತು ಬೆಂಗಳೂರಿನ ಫ್ಲ್ಯಾಟಿಗೆ, ದುಬೈಯಲ್ಲಿ ಕುಳಿತು ಮಂಗಳೂರಿನ ನಿವೇಶನಕ್ಕೆ ಬಿಡ್ ಮಾಡುವ ಅನುಕೂಲ ಬಂದಿದೆ. ಅದರ ಜೊತೆಗೇ ‘ಬ್ಯಾಂಕ್ ಸೀಜ್ ಮಾಡಿದ ತರ್ಟಿ ಫಾರ್ಟಿ ಸೈಟ್, ಮಾರುಕಟ್ಟೆಯ ಅರ್ಧ ಬೆಲೆಗೆ, ಇಂದು ಸಂಜೆಯೊಳಗೆ ಟೋಕನ್ ಹಾಕಿದವರಿಗೆ ಮಾತ್ರ’ ಎಂಬಂಥ ವಾಟ್ಸ್‌ಆ್ಯಪ್ ಸಂದೇಶಗಳೂ ಬರತೊಡಗಿವೆ.

ಅದೃಷ್ಟವಶಾತ್, ಇಂಥ ಸಂದೇಶವನ್ನು ಪರೀಕ್ಷಿಸಲು ಕಂಪ್ಯೂಟರ್ ಪರಿಣತಿಯೇನೂ ಬೇಕಾಗಿಲ್ಲ. ಬ್ಯಾಂಕುಗಳು ಅಡಮಾನದ ಆಸ್ತಿಯನ್ನು ಹೆಚ್ಚಾಗಿ ಹರಾಜು ಹಾಕುವುದು 2002ರ ಸರ್ಫೇಸಿ ಕಾಯ್ದೆ ಮತ್ತು ಅದೇ ವರ್ಷದ ನಿಯಮಗಳ ಅಡಿಯಲ್ಲಿ. ಸುಸ್ತಿದಾರರಿಗೆ 60 ದಿನಗಳ ನೋಟಿಸ್ ಕೊಡುವುದರಿಂದ ಹಿಡಿದು ಖರೀದಿದಾರರಿಗೆ ಮಾರಾಟ ಪ್ರಮಾಣಪತ್ರ ಕೊಡುವವರೆಗೆ ಪ್ರತಿ ಹಂತಕ್ಕೂ ಅಲ್ಲಿ ಇಂತಿಷ್ಟು ದಿನ, ಇಂತಿಷ್ಟು ಹಣ ಎಂಬ ಲೆಕ್ಕವಿದೆ. ವಂಚಕರು ಬ್ಯಾಂಕಿನ ಲಾಂಛನವನ್ನು ಸುಲಭವಾಗಿ ನಕಲು ಮಾಡುತ್ತಾರೆ. ಆದರೆ ಈ ದಿನಗಳ ಲೆಕ್ಕಕ್ಕೆ ಕಾಯುವ ತಾಳ್ಮೆ ಅವರಿಗಿರುವುದಿಲ್ಲ.

ಮೊದಲು: ಪ್ರಕಟಣೆಯ ಮೂಲ ಹುಡುಕಿ

ಕೈಗೆ ಬಂದ ಸಂದೇಶವನ್ನು ಬದಿಗಿಟ್ಟು, ಹರಾಜಿನ ಪ್ರಕಟಣೆ ಯಾವ ಪತ್ರಿಕೆಯಲ್ಲಿ ಯಾವ ದಿನ ಬಂದಿದೆ ಎಂದು ಕೇಳಿ. ಸಾರ್ವಜನಿಕ ಹರಾಜಿನ ನೋಟಿಸನ್ನು ಎರಡು ಪ್ರಮುಖ ಪತ್ರಿಕೆಗಳಲ್ಲಿ ಪ್ರಕಟಿಸಬೇಕು, ಅವುಗಳಲ್ಲಿ ಒಂದು ಆ ಪ್ರದೇಶದಲ್ಲಿ ಹೆಚ್ಚು ಪ್ರಸಾರವಿರುವ ಸ್ಥಳೀಯ ಭಾಷೆಯ ಪತ್ರಿಕೆಯಾಗಿರಬೇಕು ಎಂದು ನಿಯಮ ಹೇಳುತ್ತದೆ. ಹೀಗಾಗಿ ಹಾಸನದ ಮನೆಯೊಂದರ ಹರಾಜು ನಿಜವೇ ಆಗಿದ್ದರೆ ಅದು ಕನ್ನಡ ಪತ್ರಿಕೆಯೊಂದರ ಯಾವುದೋ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಇದ್ದೇ ಇರುತ್ತದೆ.

ಪತ್ರಿಕೆಯ ತುಣುಕಿನ ಫೋಟೊ ಕಳುಹಿಸಿದರೆಂದು ತೃಪ್ತರಾಗಬೇಡಿ. ನಿಜವಾದ ಪ್ರಕಟಣೆಯ ಚಿತ್ರವನ್ನೇ ತೆಗೆದುಕೊಂಡು, ಅದರಲ್ಲಿರುವ ದೂರವಾಣಿ ಸಂಖ್ಯೆ ಮತ್ತು ಖಾತೆ ಸಂಖ್ಯೆಗಳನ್ನಷ್ಟೇ ಬದಲಿಸಿ ಹಂಚುವುದು ಕಷ್ಟದ ಕೆಲಸವಲ್ಲ. ಆ ದಿನಾಂಕದ ಇ-ಪತ್ರಿಕೆಯನ್ನು ತೆರೆದು, ಇಲ್ಲವೇ ಊರಿನ ಗ್ರಂಥಾಲಯದಲ್ಲಿ ಹಳೆಯ ಪತ್ರಿಕೆಯನ್ನು ತೆಗೆಸಿ, ಎರಡನ್ನೂ ಅಂಕಿ ಅಂಕಿಯಾಗಿ ಹೋಲಿಸಬೇಕು.

ನೋಟಿಸಿನ ದಿನಾಂಕಗಳನ್ನು ಎಣಿಸಿ

ಮೊದಲ ಬಾರಿಗೆ ಹರಾಜಿಗೆ ಬರುವ ಸ್ಥಿರಾಸ್ತಿಯಾದರೆ, ನೋಟಿಸ್ ಪ್ರಕಟವಾಗಿ 30 ದಿನಗಳು ಕಳೆಯುವ ಮೊದಲು ಮಾರಾಟ ನಡೆಯುವಂತಿಲ್ಲ. ಮೊದಲ ಹರಾಜಿನಲ್ಲಿ ಯಾರೂ ಕೊಳ್ಳದೆ ಮತ್ತೆ ಹರಾಜಿಗಿಟ್ಟರೆ ಕನಿಷ್ಠ 15 ದಿನಗಳ ನೋಟಿಸ್ ಬೇಕು. ಆದ್ದರಿಂದ ‘ನಿನ್ನೆ ಜಪ್ತಿಯಾಯಿತು, ನಾಳೆ ಹರಾಜು’ ಎಂಬ ಮಾತು ಕೇಳಿದ ಕೂಡಲೇ ಫೋನ್ ಇಡಬಹುದು.

ನೋಟಿಸಿನಲ್ಲಿ ಆಸ್ತಿಯ ವಿವರ, ಯಾವ ಸಾಲದ ವಸೂಲಿಗಾಗಿ ಹರಾಜು, ಮೀಸಲು ಬೆಲೆ (ಹರಾಜಿನ ಕನಿಷ್ಠ ಬೆಲೆ) ಎಷ್ಟು, ಹರಾಜಿನ ಸಮಯ ಯಾವುದು, ಮುಂಗಡ ಠೇವಣಿ ಎಷ್ಟು ಎಂಬುದೆಲ್ಲ ಇರಬೇಕು. ನಮ್ಮಲ್ಲಿ ಇದರೊಂದಿಗೆ ಸರ್ವೆ ನಂಬರ್, ಖಾತಾ ಸಂಖ್ಯೆ, ನಾಲ್ಕು ದಿಕ್ಕಿನ ಚೆಕ್ಕುಬಂದಿಯನ್ನೂ ಕೊಡುವುದು ವಾಡಿಕೆ. ‘ಮೈಸೂರು ರಿಂಗ್ ರಸ್ತೆಗೆ ಹತ್ತಿರ, ಒಳ್ಳೆಯ ಬಡಾವಣೆ’ ಎಂದಷ್ಟೇ ಹೇಳಿ, ಚೆಕ್ಕುಬಂದಿ ಕೇಳಿದರೆ ‘ಟೋಕನ್ ಹಾಕಿದ ಮೇಲೆ ಕೊಡುತ್ತೇವೆ’ ಎನ್ನುವವರ ಬಳಿ ಮಾರಲು ಆಸ್ತಿಯೇ ಇಲ್ಲವೆಂದು ತಿಳಿಯಬೇಕು.

ಇನ್ನೊಂದು ಪರೀಕ್ಷೆ ಹಲವರಿಗೆ ಗೊತ್ತಿಲ್ಲ. ಕೃಷಿ ಜಮೀನಿನ ಮೇಲಿನ ಅಡಮಾನಕ್ಕೆ ಸರ್ಫೇಸಿ ಕಾಯ್ದೆಯ 31ನೇ ಸೆಕ್ಷನ್ ವಿನಾಯಿತಿ ಕೊಟ್ಟಿದೆ. ಪಹಣಿಯಲ್ಲಿ ಇಂದಿಗೂ ಬೆಳೆ ನಮೂದಾಗುತ್ತಿರುವ ತೋಟವನ್ನೋ ಗದ್ದೆಯನ್ನೋ ‘ಸರ್ಫೇಸಿ ಹರಾಜು’ ಎಂದು ತೋರಿಸಿದರೆ, ಆ ಆಹ್ವಾನ ನಕಲಿಯಾಗಿರಬೇಕು, ಇಲ್ಲವೇ ಮುಂದೆ ನ್ಯಾಯಾಲಯದ ಮೆಟ್ಟಿಲೇರುವ ತಕರಾರು ಅದರಲ್ಲಿರಬೇಕು. ಎರಡೂ ಕೊಳ್ಳುವವರಿಗೆ ಹಿತವಲ್ಲ.

ಜಾಲತಾಣದ ವಿಳಾಸವನ್ನು ಬಲದಿಂದ ಎಡಕ್ಕೆ ಓದಿ

ಸಾರ್ವಜನಿಕ ವಲಯದ ಬ್ಯಾಂಕುಗಳ ಹರಾಜು ಆಸ್ತಿಗಳನ್ನು ಒಂದೇ ಕಡೆ ತೋರಿಸುವ ‘ಬ್ಯಾಂಕ್‌ನೆಟ್’ ಪೋರ್ಟಲ್ 2025ರ ಜನವರಿಯಲ್ಲಿ ಆರಂಭವಾಯಿತು. ಅದಕ್ಕೂ ಮೊದಲು ಇದ್ದ ‘ಇ-ಬಿಕ್ರಯ್’ ವ್ಯವಸ್ಥೆಯ ಸುಧಾರಿತ ರೂಪವಿದು. ಜಿಲ್ಲೆ, ಬ್ಯಾಂಕು, ಆಸ್ತಿಯ ಬಗೆ ಆರಿಸಿ ಪಟ್ಟಿ ನೋಡಲು ಹಣ ಕಟ್ಟಬೇಕಾಗಿಲ್ಲ. ಪಟ್ಟಿ ತೋರಿಸುವುದಕ್ಕೇ ‘ಸದಸ್ಯತ್ವ ಶುಲ್ಕ’ ಕೇಳುವ ತಾಣಗಳಲ್ಲಿ ಕೆಲವು ಬರೀ ದಲ್ಲಾಳಿ ತಾಣಗಳು, ಕೆಲವು ಶುದ್ಧ ಮೋಸ. ಖಾಸಗಿ ಬ್ಯಾಂಕುಗಳು, ಗೃಹಸಾಲ ಸಂಸ್ಥೆಗಳು ಬೇರೆ ಹರಾಜು ಕಂಪನಿಗಳ ಪೋರ್ಟಲ್‌ಗಳನ್ನು ಬಳಸುವುದುಂಟು. ಹಾಗಿದ್ದಾಗ ಯಾವ ಪೋರ್ಟಲ್ ಎಂಬುದು ಪತ್ರಿಕೆಯ ನೋಟಿಸಿನಲ್ಲಿ ಅಚ್ಚಾಗಿರುತ್ತದೆ.

ನಕಲಿ ತಾಣಗಳ ವಿಳಾಸದ ಆರಂಭದಲ್ಲಿ ಬ್ಯಾಂಕಿನ ಹೆಸರು ಚೆನ್ನಾಗಿಯೇ ಇರುತ್ತದೆ, ಮೋಸ ಇರುವುದು ಕೊನೆಯಲ್ಲಿ. ಆದ್ದರಿಂದ ಆರಂಭದ ‘https://’ ಬಿಟ್ಟು, ಅದರ ನಂತರದ ಮೊದಲ ಓರೆಗೆರೆಯ (/) ತನಕದ ವಿಳಾಸವನ್ನು ಬಲತುದಿಯಿಂದ ಹಿಮ್ಮುಖವಾಗಿ ಓದುವ ಅಭ್ಯಾಸ ಒಳ್ಳೆಯದು. ದೇಶದ ಬ್ಯಾಂಕುಗಳೆಲ್ಲ 2025ರ ಅಕ್ಟೋಬರ್ 31ರೊಳಗೆ ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂದು ಮುಗಿಯುವ ವಿಳಾಸಕ್ಕೆ ಬದಲಾಗಬೇಕೆಂದು ರಿಸರ್ವ್ ಬ್ಯಾಂಕ್ ಸೂಚಿಸಿತ್ತು. ಈ ವಿಳಾಸವನ್ನು ಯಾರು ಬೇಕಾದರೂ ಕೊಳ್ಳಲು ಬರುವುದಿಲ್ಲ. ಹರಾಜಿನ ಪೂರ್ಣ ಷರತ್ತುಗಳನ್ನು ಬ್ಯಾಂಕು ತನ್ನ ಜಾಲತಾಣದಲ್ಲಿ ಹಾಕಬೇಕೆಂಬ ನಿಯಮವೂ ಇರುವುದರಿಂದ, ಬ್ಯಾಂಕಿನ ತಾಣಕ್ಕೆ ನೀವೇ ಹೋಗಿ ಹರಾಜಿನ ವಿಭಾಗದಲ್ಲಿ ಆ ಆಸ್ತಿ ಇದೆಯೇ ಎಂದು ನೋಡಬಹುದು. ಸಂದೇಶದಲ್ಲಿ ಬಂದ ಕೊಂಡಿಯನ್ನು ಒತ್ತಿ ಹೋಗುವುದು ಮಾತ್ರ ಬೇಡ.

ಬಿಡಿಎ ಮೂಲೆ ನಿವೇಶನಗಳ ಹೆಸರಿನಲ್ಲಿ ಸಂದೇಶ ಬಂದಾಗಲೂ ಇದೇ ಎಚ್ಚರ ಬೇಕು. ಆ ಇ-ಹರಾಜು ನಡೆಯುವುದು ರಾಜ್ಯ ಸರ್ಕಾರದ ಇ-ಪ್ರೊಕ್ಯೂರ್‌ಮೆಂಟ್ ಪೋರ್ಟಲ್‌ನಲ್ಲಿ.

ಶಾಖೆಗೆ ಹೋಗಿ, ಆಮೇಲೆ ಸ್ಥಳಕ್ಕೆ ಹೋಗಿ

ಹರಾಜು ನಡೆಸುವವರನ್ನು ಕಾಯ್ದೆ ‘ಅಧಿಕೃತ ಅಧಿಕಾರಿ’ ಎಂದು ಕರೆಯುತ್ತದೆ. ಸಾರ್ವಜನಿಕ ವಲಯದ ಬ್ಯಾಂಕಿನಲ್ಲಿ ಅವರು ಚೀಫ್ ಮ್ಯಾನೇಜರ್ ದರ್ಜೆಗಿಂತ ಕೆಳಗಿನವರಾಗಿರುವಂತಿಲ್ಲ. ‘ರಿಕವರಿ ಏಜೆಂಟ್’, ‘ಬ್ಯಾಂಕಿನ ಒಳಗಿನವರು’ ಎಂದು ಹೇಳಿಕೊಳ್ಳುವವರಿಗೆ ಆಸ್ತಿ ಮಾರುವ ಅಧಿಕಾರ ಇರುವುದಿಲ್ಲ. ಸಾಲ ಕೊಟ್ಟ ಶಾಖೆಗೆ ಖುದ್ದಾಗಿ ಹೋಗಿ, ಅಧಿಕೃತ ಅಧಿಕಾರಿಯ ಹೆಸರು ಮತ್ತು ಕಚೇರಿಯ ದೂರವಾಣಿಯನ್ನು ಪಡೆದು, ಆಸ್ತಿ ನೋಡುವ ದಿನವನ್ನು ಅವರಿಂದಲೇ ಗೊತ್ತು ಮಾಡಿಸಿಕೊಳ್ಳಿ. ವಿದೇಶದಲ್ಲಿರುವವರು ಈ ಕೆಲಸವನ್ನು ದಲ್ಲಾಳಿಯ ವಿಡಿಯೊ ಕರೆಗೆ ಬಿಡುವ ಬದಲು ಊರಿನಲ್ಲಿರುವ ಅಣ್ಣನನ್ನೋ ಭಾವನನ್ನೋ ಕಳುಹಿಸುವುದು ಒಳ್ಳೆಯದು.

ಸ್ಥಳದಲ್ಲಿ ನೋಡಬೇಕಾದದ್ದು ಎರಡು. ಮಾರಾಟದ ನೋಟಿಸನ್ನು ಆಸ್ತಿಯ ಮೇಲೆ ಎದ್ದು ಕಾಣುವಂತೆ ಅಂಟಿಸಬೇಕೆಂಬ ನಿಯಮವಿದೆ. ಗೋಡೆಯ ಮೇಲೆ, ಗೇಟಿನ ಮೇಲೆ ಅದರ ಗುರುತೇ ಇಲ್ಲದಿದ್ದರೆ, ಅಕ್ಕಪಕ್ಕದವರಿಗೂ ಹರಾಜಿನ ಸುದ್ದಿಯೇ ಗೊತ್ತಿಲ್ಲದಿದ್ದರೆ ಮತ್ತೆ ಶಾಖೆಗೆ ಹೋಗಿ ವಿಚಾರಿಸಬೇಕು. ಎರಡನೆಯದು ಸ್ವಾಧೀನ. ಇಲ್ಲಿ ಹರಾಜು ನಿಜವಾಗಿದ್ದರೂ ದಲ್ಲಾಳಿಯ ಮಾತು ಸುಳ್ಳಾಗಿರುವ ಸಂಭವ ಹೆಚ್ಚು. ನೋಟಿಸಿನಲ್ಲಿ ‘ಸಾಂಕೇತಿಕ ಸ್ವಾಧೀನ’ ಎಂದಿದ್ದರೆ ಬ್ಯಾಂಕು ಕಾಗದದ ಮೇಲಷ್ಟೇ ಸ್ವಾಧೀನ ಪಡೆದಿದೆ, ಮನೆಯೊಳಗೆ ಸಾಲಗಾರರ ಕುಟುಂಬವೋ ಬಾಡಿಗೆದಾರರೋ ಇನ್ನೂ ಇರಬಹುದು ಎಂದರ್ಥ. ಅವರನ್ನು ತೆರವು ಮಾಡಿಸಲು ಬ್ಯಾಂಕು ಸಾಮಾನ್ಯವಾಗಿ ಜಿಲ್ಲಾ ಮ್ಯಾಜಿಸ್ಟ್ರೇಟರ ನೆರವು ಕೇಳಬೇಕಾಗುತ್ತದೆ, ಅದಕ್ಕೆ ತಿಂಗಳುಗಳೇ ಹಿಡಿಯಬಹುದು. ‘ಭೌತಿಕ ಸ್ವಾಧೀನ’ ಎಂದಿದ್ದರೆ ಬೀಗದ ಕೈ ಬ್ಯಾಂಕಿನ ಬಳಿ ಇರುತ್ತದೆ. ಅದನ್ನು ತೆರೆಸಿ ತೋರಿಸಿ ಎಂದು ಕೇಳುವುದರಲ್ಲಿ ಸಂಕೋಚವೇಕೆ?

ದಾಖಲೆಯ ಜಾಡು

ನೋಂದಣಿ ಇಲಾಖೆಯ ‘ಕಾವೇರಿ’ ತಂತ್ರಾಂಶದಲ್ಲಿ ಆಸ್ತಿಯ ಋಣಭಾರ ಪ್ರಮಾಣಪತ್ರವನ್ನು, ಅಂದರೆ ಇ.ಸಿ.ಯನ್ನು, ಮನೆಯಲ್ಲೇ ಕುಳಿತು ಪಡೆಯಬಹುದು. ಹರಾಜು ಹಾಕುತ್ತಿರುವ ಬ್ಯಾಂಕಿನ ಅಡಮಾನ ಅದರಲ್ಲಿ ಕಾಣಿಸುತ್ತದೆಯೇ, ಅದಕ್ಕಿಂತ ಮುಂಚಿನ ಬೇರೆ ಅಡಮಾನವೋ ನ್ಯಾಯಾಲಯದ ಜಪ್ತಿಯೋ ಇದೆಯೇ ನೋಡಿ. ಬ್ಯಾಂಕುಗಳು ತಮ್ಮ ಅಡಮಾನಗಳನ್ನು ನೋಂದಾಯಿಸುವ ‘ಸೆರ್ಸಾಯ್’ ಎಂಬ ಕೇಂದ್ರ ದಾಖಲೆ ವ್ಯವಸ್ಥೆಯಲ್ಲೂ ಸಣ್ಣ ಶುಲ್ಕ ಕಟ್ಟಿ ಹುಡುಕಬಹುದು. ಗ್ರಾಮ ಪಂಚಾಯಿತಿ ವ್ಯಾಪ್ತಿಯ ಆಸ್ತಿಗೆ ‘ಇ-ಸ್ವತ್ತು’ ತಂತ್ರಾಂಶದ ಖಾತಾ ದಾಖಲೆಯನ್ನು ಕೇಳಬೇಕು. ನೀರಿನ ಬಿಲ್ಲು, ಆಸ್ತಿ ತೆರಿಗೆ, ಅಪಾರ್ಟ್‌ಮೆಂಟಿನ ನಿರ್ವಹಣಾ ಬಾಕಿಗಳ ಹೊರೆ ‘ಇದ್ದಂತೆಯೇ, ಇದ್ದಲ್ಲಿಯೇ’ ಎಂಬ ಷರತ್ತಿನ ಅಡಿಯಲ್ಲಿ ಕೊಂಡವರ ಹೆಗಲಿಗೇ ಬೀಳುತ್ತದೆ.

ಹಣ ಯಾವ ಖಾತೆಗೆ, ಯಾವಾಗ, ಎಷ್ಟು?

ಈ ಹಂತವನ್ನು ಒಂದು ಲೆಕ್ಕದ ಮೂಲಕ ನೋಡೋಣ. ಮನೆಯೊಂದರ ಮೀಸಲು ಬೆಲೆ 60 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳಿ. ಮುಂಗಡ ಠೇವಣಿ ಸಾಮಾನ್ಯವಾಗಿ ಅದರ ಶೇ 10, ಅಂದರೆ 6 ಲಕ್ಷ. ಇದು ಪೋರ್ಟಲ್‌ನಲ್ಲಿ ನಿಮ್ಮದೇ ಹೆಸರಿನ ವ್ಯಾಲೆಟ್‌ಗೆ, ಇಲ್ಲವೇ ನೋಟಿಸಿನಲ್ಲಿ ಅಚ್ಚಾಗಿರುವ ಬ್ಯಾಂಕಿನ ಖಾತೆಗೆ ಹೋಗುತ್ತದೆ. ಹರಾಜು ನಿಮಗೆ ದಕ್ಕದಿದ್ದರೆ ಈ ಹಣ ಮರಳುತ್ತದೆ. 64 ಲಕ್ಷಕ್ಕೆ ನೀವು ಗೆದ್ದಿರೆನ್ನಿ. ಆಗ ಠೇವಣಿಯೂ ಸೇರಿ ಶೇ 25, ಅಂದರೆ 16 ಲಕ್ಷ ಪೂರ್ತಿಯಾಗುವಂತೆ ಇನ್ನೂ 10 ಲಕ್ಷವನ್ನು ಅದೇ ದಿನ, ತಪ್ಪಿದರೆ ಮುಂದಿನ ಕೆಲಸದ ದಿನದೊಳಗೆ ಕಟ್ಟಬೇಕು. ಉಳಿದ 48 ಲಕ್ಷಕ್ಕೆ ಮಾರಾಟ ದೃಢೀಕರಣವಾದ ದಿನದಿಂದ 15 ದಿನಗಳ ಗಡುವು ಇರುತ್ತದೆ. ಲಿಖಿತ ಒಪ್ಪಿಗೆ ಸಿಕ್ಕರೆ ಮೂರು ತಿಂಗಳಿಗೆ ಮೀರದಂತೆ ಅದನ್ನು ವಿಸ್ತರಿಸಬಹುದು. ಬೆಲೆ 50 ಲಕ್ಷ ಅಥವಾ ಅದಕ್ಕಿಂತ ಹೆಚ್ಚಿರುವುದರಿಂದ ಶೇ 1ರಷ್ಟು, ಅಂದರೆ 64,000 ರೂಪಾಯಿಯನ್ನು ಟಿಡಿಎಸ್ ಆಗಿ ಮುರಿದುಕೊಂಡು ನೀವೇ ಆದಾಯ ತೆರಿಗೆ ಇಲಾಖೆಗೆ ಕಟ್ಟಬೇಕಾಗುತ್ತದೆ.

ಈ ಲೆಕ್ಕದಲ್ಲಿ ‘ಟೋಕನ್’, ‘ಫೈಲ್ ಚಾರ್ಜ್’, ‘ಸೀಟ್ ಬ್ಲಾಕಿಂಗ್’, ‘ಮ್ಯಾನೇಜರಿಗೆ ಸ್ವಲ್ಪ’ ಎಂಬ ಯಾವ ಕಲಮೂ ಇಲ್ಲವೆಂಬುದನ್ನು ಗಮನಿಸಿ. ವ್ಯಕ್ತಿಯೊಬ್ಬರ ಯುಪಿಐ ಐಡಿಗೆ, ಕ್ಯೂಆರ್ ಕೋಡಿಗೆ ಅಥವಾ ಯಾವುದೋ ಟ್ರೇಡರ್ಸ್ ಹೆಸರಿನ ಚಾಲ್ತಿ ಖಾತೆಗೆ ಹಣ ಹಾಕಿ ಎಂದರೆ ಅಲ್ಲಿಗೆ ಮಾತು ಮುಗಿಸಬೇಕು. ಠೇವಣಿ ಮರಳಿಸಲು ನೀವೇ ಮೊದಲು ಇನ್ನಷ್ಟು ಕಟ್ಟಬೇಕು ಎಂಬುದೂ ಅದೇ ಜಾತಿಯ ಮಾತು.

ಅರ್ಧ ನಿಜವಿರುವ ಎರಡು ಆಮಿಷಗಳು

ತಿಳಿದವರೂ ಎಡವುವುದು ಇಲ್ಲಿಯೇ ಎಂದು ನನಗನಿಸುತ್ತದೆ. ಹರಾಜು ಮುಗಿದು ಒಂದೆರಡು ದಿನಗಳಾದ ಮೇಲೆ, ‘ಅತಿ ಹೆಚ್ಚು ಕೂಗಿದವರು ಹಣ ಕಟ್ಟಲಿಲ್ಲ, ಎರಡನೆಯವರು ನೀವೇ, ಇಂದೇ ಕಟ್ಟಿದರೆ ಆಸ್ತಿ ನಿಮ್ಮದು’ ಎಂಬ ಕರೆ ಬರುತ್ತದೆ. ನೀವು ನಿಜವಾಗಿ ಬಿಡ್ ಮಾಡಿ ಸೋತಿದ್ದರೆ ಇದು ನಂಬುವಂತೆಯೇ ಕೇಳಿಸುತ್ತದೆ. ಆದರೆ ಗೆದ್ದವರು ಹಣ ಕಟ್ಟದಿದ್ದರೆ ಅವರ ಠೇವಣಿಯನ್ನು ಮುಟ್ಟುಗೋಲು ಹಾಕಿಕೊಂಡು ಆಸ್ತಿಯನ್ನು ಮತ್ತೆ ಮಾರಾಟಕ್ಕಿಡಬೇಕೆಂದು ನಿಯಮ ಹೇಳುತ್ತದೆ. ಫೋನಿನಲ್ಲಿ ಎರಡನೆಯವರಿಗೆ ದಾಟಿಸುವ ದಾರಿ ಅದರಲ್ಲಿಲ್ಲ.

ಎರಡನೆಯದು ‘ಹರಾಜಿಗೆ ಬರುವ ಮೊದಲೇ ಒಳಗಿಂದ ಮುಗಿಸಿಕೊಡುತ್ತೇವೆ’ ಎಂಬ ಆಮಿಷ. ಹರಾಜಿಲ್ಲದೆ ನೇರ ಒಪ್ಪಂದದಿಂದ ಮಾರಲು ನಿಯಮಗಳಲ್ಲಿ ಅವಕಾಶವಿರುವುದು ನಿಜ, ವಂಚಕರು ಆ ನಿಯಮದ ಪ್ರತಿಯನ್ನೇ ತೋರಿಸಲೂಬಹುದು. ಅಂಥ ಮಾರಾಟಕ್ಕೂ ಬ್ಯಾಂಕಿನೊಂದಿಗೆ ಲಿಖಿತ ಷರತ್ತುಗಳಾಗಬೇಕು. ಹರಾಜಿನಲ್ಲಿ ಮೀಸಲು ಬೆಲೆಗಿಂತ ಕಡಿಮೆಗೆ ಕೊಡಬೇಕಾದರೂ ಸಾಲಗಾರರ ಒಪ್ಪಿಗೆ ಬೇಕು. ತನ್ನ ಮನೆ ಅರ್ಧ ಬೆಲೆಗೆ ಹೋಗಲೆಂದು ಯಾವ ಸಾಲಗಾರ ಸಹಿ ಹಾಕಿಕೊಡುತ್ತಾನೆ?

ಸೀಜ್ ಆದ ಕಾರು, ಬೈಕು, ಕಸ್ಟಮ್ಸ್ ವಶಪಡಿಸಿಕೊಂಡ ಮೊಬೈಲ್‌ಗಳ ‘ಹರಾಜಿ’ಗೂ ಈ ಪರೀಕ್ಷೆಗಳಲ್ಲಿ ಹೆಚ್ಚಿನವು ಹೊಂದುತ್ತವೆ. ಗಾಡಿಯನ್ನು ಯಾರ್ಡ್‌ನಲ್ಲಿ ನೋಡದೆ, ಚಾಸಿ ಸಂಖ್ಯೆಯನ್ನು ಆರ್‌ಸಿಯೊಂದಿಗೆ ತಾಳೆ ಹಾಕದೆ ಹಣ ಕಟ್ಟಬಾರದು.

ಹಣ ಹೋಗಿಬಿಟ್ಟಿದ್ದರೆ

ಮೊದಲ ಗಂಟೆಗಳಲ್ಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಹಣ ಒಂದು ಖಾತೆಯಿಂದ ಮತ್ತೊಂದಕ್ಕೆ ಜಾರಿಹೋಗುವ ಮುನ್ನ ತಡೆಹಿಡಿಯಲು ಆಗ ಮಾತ್ರ ಸಾಧ್ಯತೆ ಹೆಚ್ಚು. ಕರೆ ಮಾಡುವಾಗ ವರ್ಗಾವಣೆಯ ಯುಟಿಆರ್ ಸಂಖ್ಯೆ (ಆ ವರ್ಗಾವಣೆಯ ಗುರುತಿನ ಸಂಖ್ಯೆ), ದಿನಾಂಕ, ಸಮಯ, ಹಣ ಹೋದ ಖಾತೆಯ ವಿವರಗಳು ಕೈಯಲ್ಲಿರಲಿ. ಬಳಿಕ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಅಥವಾ ನಿಮ್ಮ ಜಿಲ್ಲೆಯ ಸೆನ್ (ಸೈಬರ್ ಅಪರಾಧ) ಪೊಲೀಸ್ ಠಾಣೆಯಲ್ಲಿ ದೂರು ದಾಖಲಿಸಿ. ಸಿಟ್ಟಿನಲ್ಲಿ ವಾಟ್ಸ್‌ಆ್ಯಪ್ ಮಾತುಕತೆಯನ್ನು ಅಳಿಸಿಹಾಕಬೇಡಿ, ಆ ಸಂಖ್ಯೆಯನ್ನು ಬ್ಲಾಕ್ ಮಾಡುವ ಮುನ್ನ ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಿಡಿ. ಯಾವ ಬ್ಯಾಂಕಿನ ಹೆಸರು ಬಳಕೆಯಾಗಿದೆಯೋ ಆ ಬ್ಯಾಂಕಿಗೂ ಬರಹದಲ್ಲಿ ತಿಳಿಸಿ. ದೂರು ಕೊಟ್ಟ ಕೆಲವು ದಿನಗಳ ನಂತರ ‘ನಿಮ್ಮ ಹಣ ಸಿಕ್ಕಿದೆ, ಬಿಡುಗಡೆಗೆ ಇಷ್ಟು ಶುಲ್ಕ ಕಟ್ಟಿ’ ಎಂದು ಸೈಬರ್ ಅಧಿಕಾರಿಯ ಹೆಸರಿನಲ್ಲಿ ಕರೆ ಬಂದರೆ ಅದನ್ನೂ ಅದೇ ದೂರಿಗೆ ಸೇರಿಸಿ. ತಡೆಹಿಡಿದ ಹಣ ಮರಳುವುದು ಪೊಲೀಸರು, ಬ್ಯಾಂಕು ಮತ್ತು ಅಗತ್ಯವಿದ್ದರೆ ನ್ಯಾಯಾಲಯದ ಆದೇಶ ಈ ದಾರಿಯಲ್ಲಿ, ಅದಕ್ಕಾಗಿ ಫೋನಿನಲ್ಲಿ ಶುಲ್ಕ ಕೇಳುವ ಪದ್ಧತಿ ಇಲ್ಲ.