ಮತ್ತೆ ಕರೆಯುವ ಶಾಲೆ: ಜಾದೂ ವೃತ್ತಿಯಲ್ಲಿ ನನ್ನ ಅನುಭವ

ಆಷಾಢದಲ್ಲಿ ನನ್ನ ಡೈರಿ ಖಾಲಿ ಇರುತ್ತದೆ. ಮದುವೆಯಿಲ್ಲ, ನಾಮಕರಣವಿಲ್ಲ, ಗೃಹಪ್ರವೇಶವಿಲ್ಲ. ಶಾಲೆಗಳಲ್ಲಿ ಪಾಠ ಶುರುವಾಗಿ ಸಮಾರಂಭಗಳ ಮಾತೇ ಎದ್ದಿರುವುದಿಲ್ಲ. ಜಾದೂ ನಂಬಿ ಸಂಸಾರ ನಡೆಸಲು ಹೊರಟವರಿಗೆ ನಾನು ಮೊದಲು ಹೇಳುವುದು ಇಸ್ಪೀಟೆಲೆಯ ವಿಷಯವಲ್ಲ, ಪಂಚಾಂಗದ ವಿಷಯ. ಗಣೇಶನ ಹಬ್ಬಕ್ಕೆ ಪೆಂಡಾಲಿನವರ ಕರೆಗಳು ಆರಂಭವಾಗುತ್ತವೆ. ನವೆಂಬರ್ 1ಕ್ಕೆ ರಾಜ್ಯೋತ್ಸವ, 14ಕ್ಕೆ ಮಕ್ಕಳ ದಿನಾಚರಣೆ. ಅಲ್ಲಿಂದ ಮುಂದೆ ಡಿಸೆಂಬರ್, ಜನವರಿ, ಫೆಬ್ರವರಿ ಪೂರ್ತಿ ಶಾಲಾ ವಾರ್ಷಿಕೋತ್ಸವಗಳು. ಮಾರ್ಚ್‌ನಲ್ಲಿ ಪರೀಕ್ಷೆ, ಯಾರೂ ಕರೆಯುವುದಿಲ್ಲ. ಬೇಸಿಗೆಯಲ್ಲಿ ಮಕ್ಕಳ ಶಿಬಿರ, ಹುಟ್ಟುಹಬ್ಬ, ಮದುವೆಯ ಆರತಕ್ಷತೆ. ವರ್ಷದ ಸಂಪಾದನೆಯ ಬಹುಪಾಲು ಬರುವುದು ಚಳಿಗಾಲದ ಆ ಮೂರು ತಿಂಗಳಲ್ಲಿ, ಅದೂ ಶಾಲೆಗಳಿಂದ. ಆದ್ದರಿಂದ ನನ್ನ ಇಡೀ ವೃತ್ತಿಯನ್ನು ಒಂದೇ ಲೆಕ್ಕದ ಮೇಲೆ ಕಟ್ಟಿದ್ದೇನೆ: ಒಮ್ಮೆ ಕರೆದ ಶಾಲೆ ಮತ್ತೆ ಕರೆಯಬೇಕು.

ಹೊಸ ಗಿರಾಕಿಯನ್ನು ಹುಡುಕುವುದಕ್ಕೆ ಜಾಹೀರಾತು ಬೇಕು, ಓಡಾಟ ಬೇಕು, ಚೌಕಾಶಿ ಬೇಕು. ಕರೆದವರೇ ಮತ್ತೆ ಕರೆದರೆ ಒಂದು ಫೋನಿನಲ್ಲಿ ಮಾತು ಮುಗಿಯುತ್ತದೆ. ದಾವಣಗೆರೆಯಲ್ಲಿ ನೆಲೆಸಿದ್ದರಿಂದ ನನಗೊಂದು ಅನುಕೂಲವೂ ಇದೆ. ಹೆದ್ದಾರಿ ಹಿಡಿದರೆ ಅತ್ತ ರಾಣೆಬೆನ್ನೂರು, ಹಾವೇರಿ, ಹುಬ್ಬಳ್ಳಿ, ಇತ್ತ ಚಿತ್ರದುರ್ಗ, ಹಿರಿಯೂರು. ಹರಿಹರ ಮತ್ತು ಚನ್ನಗಿರಿಗಳಂತೂ ಮನೆಯಂಗಳವೇ ಸರಿ. ಈ ಊರುಗಳ ಶಿಕ್ಷಕರು, ಆಡಳಿತ ಮಂಡಳಿಯವರು ಒಬ್ಬರಿಗೊಬ್ಬರು ಪರಿಚಿತರು. ಒಂದು ಕಡೆ ಚೆನ್ನಾಗಿ ಮಾಡಿದ ಸುದ್ದಿ ಮುಂದಿನ ವಾರವೇ ಮತ್ತೊಂದು ಕಡೆ ತಲುಪಿರುತ್ತದೆ.

ಶಾಲೆಯ ಪ್ರದರ್ಶನ ಸಭಾಂಗಣದ ಪ್ರದರ್ಶನದಂತಲ್ಲ. ಮಕ್ಕಳು ಜಮಖಾನದ ಮೇಲೆ ವೇದಿಕೆಗೆ ತಾಗಿಯೇ ಕುಳಿತಿರುತ್ತಾರೆ. ಅವರ ಕಣ್ಣು ಕೆಳಗಿನಿಂದ ಮೇಲಕ್ಕೆ ನೋಡುತ್ತದೆ. ಎರಡೂ ಬದಿಗಳಲ್ಲಿ ಪೋಷಕರು ನಿಂತಿರುತ್ತಾರೆ, ಕಾಂಪೌಂಡಿನ ಮೇಲೆ ಊರಿನ ಹುಡುಗರು. ಹಗಲಿನಲ್ಲಾದರೆ ದೀಪಗಳ ಸಹಾಯವೂ ಇಲ್ಲ. ಅಂಗಡಿಯಲ್ಲಿ ಸಿಗುವ ಥಳಥಳಿಸುವ ಪೆಟ್ಟಿಗೆಗಳಲ್ಲಿ ಅರ್ಧಕ್ಕರ್ಧದ ಗುಟ್ಟು ಇಲ್ಲಿ ನಿಲ್ಲುವುದಿಲ್ಲ. ಹಾಗಾಗಿ ಸುತ್ತಲಿಂದ ನೋಡಿದರೂ ನಿಲ್ಲುವ ಐಟಂಗಳನ್ನೇ ಆರಿಸಿಕೊಂಡೆ: ಹಗ್ಗ, ಬಳೆಗಳು, ರೇಷ್ಮೆ ಕರವಸ್ತ್ರ, ನೀರಿನ ಚೊಂಬು.

ಆ ಚೊಂಬಿನ ಬಗ್ಗೆ ಹೇಳಲೇಬೇಕು. ಬಂಗಾಳದ ಪಿ. ಸಿ. ಸರ್ಕಾರ್ ‘ವಾಟರ್ ಆಫ್ ಇಂಡಿಯಾ’ ಎಂಬ ಹೆಸರಿನಲ್ಲಿ ಜಗತ್ತಿಗೆಲ್ಲ ತೋರಿಸಿದ ಐಟಂ ಅದು. ಚೊಂಬನ್ನು ಪೂರ್ತಿ ಬೋರಲು ಹಾಕಿ ಖಾಲಿ ಮಾಡುತ್ತೀರಿ. ಬೇರೆ ಐಟಂ ಮುಗಿಸಿ ಮತ್ತೆ ಬಂದು ಬಗ್ಗಿಸಿದರೆ ಮತ್ತೆ ನೀರು. ಪ್ರದರ್ಶನದ ಉದ್ದಕ್ಕೂ ಹೀಗೇ ನಡೆಯುತ್ತದೆ. ನಾನು ಪ್ರತಿ ಊರಿನಲ್ಲೂ ಆ ನೀರಿಗೆ ಆ ಊರಿನ ಹೊಳೆಯ ಅಥವಾ ಕೆರೆಯ ಹೆಸರನ್ನೇ ಕೊಡುತ್ತೇನೆ. ಹರಿಹರದಲ್ಲಿ ಅದು ತುಂಗಭದ್ರೆ, ಚನ್ನಗಿರಿಯಲ್ಲಿ ಶಾಂತಿಸಾಗರ, ಹಿರಿಯೂರಿನಲ್ಲಿ ವಾಣಿವಿಲಾಸ ಸಾಗರ. ಮೂರನೆಯ ಬಾರಿ ಚೊಂಬಿಗೆ ಕೈ ಹಾಕುವ ಹೊತ್ತಿಗೆ ಮಕ್ಕಳೇ ತಮ್ಮ ಕೆರೆಯ ಹೆಸರನ್ನು ಕೂಗುತ್ತಾರೆ. ಪೆಟ್ಟಿಗೆಯ ಐಟಂ ಮರೆತುಹೋಗುತ್ತದೆ, ತಮ್ಮ ಕೆರೆಯ ನೀರು ಚೊಂಬಿನಲ್ಲಿ ಉಕ್ಕಿದ್ದು ಮರೆಯುವುದಿಲ್ಲ. ಇದಕ್ಕೆ ಬೇಕಾದದ್ದು ಹಿಂದಿನ ದಿನ ಆ ಊರಿನ ಬಗ್ಗೆ ಒಂದೆರಡು ಮಾತು ವಿಚಾರಿಸಿಕೊಳ್ಳುವ ವ್ಯವಧಾನ ಮಾತ್ರ.

ಇನ್ನು ಮಗುವನ್ನು ವೇದಿಕೆಗೆ ಕರೆಯುವ ಘಳಿಗೆ. ನನ್ನ ಮಟ್ಟಿಗೆ ಈ ವೃತ್ತಿಯ ಜೀವ ಇರುವುದು ಇಲ್ಲಿ. ‘ಯಾರು ಬರುತ್ತೀರಿ’ ಎಂದು ಕೇಳಿದರೆ ನೂರು ಕೈಗಳು ಮೇಲೇಳುತ್ತವೆ. ಎಲ್ಲರಿಗಿಂತ ಎತ್ತರಕ್ಕೆ ಕೈ ಬೀಸುವ ಹುಡುಗ ಹೋದ ವರ್ಷ ನಾಟಕದಲ್ಲೂ ಇದ್ದವನು, ಭಾಷಣದಲ್ಲೂ ಇದ್ದವನು. ಆದ್ದರಿಂದ ಆ ಪ್ರಶ್ನೆಯನ್ನೇ ಕೇಳುವುದಿಲ್ಲ. ಮೊದಲ ಹತ್ತು ನಿಮಿಷ ಐಟಂ ಮಾಡುತ್ತಲೇ ಸಾಲುಗಳನ್ನು ನೋಡುತ್ತಿರುತ್ತೇನೆ. ಕಣ್ಣಲ್ಲಿ ಹೊಳಪಿದ್ದರೂ ಕೈ ಎತ್ತಲು ಹಿಂಜರಿಯುವ ಮಗು ಎಲ್ಲಾದರೂ ಇದ್ದೇ ಇರುತ್ತದೆ. ಹತ್ತಿರ ಹೋಗಿ ಕೈ ಚಾಚುತ್ತೇನೆ. ಬೇಡವೆಂದು ತಲೆ ಆಡಿಸಿದರೆ ನಕ್ಕು ಮುಂದೆ ಹೋಗುತ್ತೇನೆ, ಎರಡನೆಯ ಸಲ ಕೇಳುವುದಿಲ್ಲ.

ಮಗು ಮೇಲೆ ಬಂದ ಮೇಲೆ ಒಂದು ಮೊಣಕಾಲೂರಿ ಕೂರುತ್ತೇನೆ, ಇಬ್ಬರ ತಲೆಯೂ ಒಂದೇ ಎತ್ತರಕ್ಕೆ ಬರಬೇಕು. ಹೆಸರು ಕೇಳಿ ಮೈಕಿನಲ್ಲಿ ಸ್ಪಷ್ಟವಾಗಿ ಹೇಳುತ್ತೇನೆ. ಇಷ್ಟದ ತಿಂಡಿ ಯಾವುದೆಂದು ಕೇಳುತ್ತೇನೆ. ಮೈಸೂರು ಪಾಕ್ ಎಂದರೆ ಅಂದಿನ ಮಂತ್ರ ಅದೇ. ಬಿಳಿ ನೂಲಿನ ಹಗ್ಗವನ್ನು ಎಲ್ಲರ ಎದುರಿನಲ್ಲಿ ಕತ್ತರಿಸಿ, ಕತ್ತರಿಸಿದ ಜಾಗವನ್ನು ಮಗುವಿನ ಮುಷ್ಟಿಯೊಳಗೆ ಇಡುತ್ತೇನೆ. ‘ಗಟ್ಟಿಯಾಗಿ ಹಿಡಿದುಕೋ ಪುಟ್ಟಾ, ಇನ್ನು ಮುಂದೆ ಜಾದೂ ನಿನ್ನದು’ ಎನ್ನುತ್ತೇನೆ. ಇಡೀ ಶಾಲೆ ಮಂತ್ರ ಕೂಗುತ್ತದೆ, ಮಗು ಊದುತ್ತದೆ, ಮುಷ್ಟಿ ಬಿಚ್ಚಿದರೆ ಹಗ್ಗ ಇಡಿಯಾಗಿದೆ. ಆ ಕ್ಷಣಕ್ಕೆ ಸರಿಯಾಗಿ ನಾನು ಎರಡು ಹೆಜ್ಜೆ ಹಿಂದೆ ಸರಿಯುತ್ತೇನೆ. ಚಪ್ಪಾಳೆ ಮಗುವಿಗೆ ಹೋಗಬೇಕು. ಈ ಎರಡು ಹೆಜ್ಜೆಗಳನ್ನು ಕೈಚಳಕದಷ್ಟೇ ಶ್ರದ್ಧೆಯಿಂದ ಅಭ್ಯಾಸ ಮಾಡಿದ್ದೇನೆ.

ಮೊಣಕೈಯಿಂದ ನೀರು ಸುರಿಸುವ, ಮೂಗಿನಿಂದ ನಾಣ್ಯ ಉದುರಿಸುವ ಐಟಂಗಳಿಗೆ ನಗು ಸುಲಭವಾಗಿ ಸಿಗುತ್ತದೆ. ಆದರೆ ನಗು ಬೀಳುವುದು ಮಗುವಿನ ಮೇಲೆ. ಮರುದಿನ ತರಗತಿಯಲ್ಲಿ ಆ ಗೇಲಿಯನ್ನು ಅದು ಒಬ್ಬಂಟಿಯಾಗಿ ಎದುರಿಸಬೇಕು. ಅವನ್ನು ನಾನು ಮಾಡುವುದಿಲ್ಲ, ಎಷ್ಟು ಕೇಳಿಕೊಂಡರೂ ಮಾಡುವುದಿಲ್ಲ. ತರಗತಿಯ ಶಿಕ್ಷಕಿಯರು ಇದನ್ನೆಲ್ಲ ಗಮನಿಸುತ್ತಾರೆ. ಮುಂದಿನ ವರ್ಷ ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ ನನ್ನ ಹೆಸರು ಎತ್ತುವವರು ಅವರೇ.

ಮತ್ತೆ ಕರೆದಾಗ ಅದೇ ಐಟಂ ತೋರಿಸಿದರೆ ಅಲ್ಲಿಗೆ ಮುಗಿಯಿತು. ಪ್ರದರ್ಶನ ಮುಗಿದ ರಾತ್ರಿಯೇ ಡೈರಿಯಲ್ಲಿ ಬರೆಯುತ್ತೇನೆ: ಯಾವ ಐಟಂ, ಯಾವ ಕ್ರಮ, ವೇದಿಕೆ ಎಷ್ಟು ಎತ್ತರ, ಪ್ಲಗ್ ಎಲ್ಲಿದೆ, ಬಿಸಿಲು ಯಾವ ಕಡೆಯಿಂದ, ಯಾವ ಮಾತಿಗೆ ಹೆಚ್ಚು ನಕ್ಕರು. ಆಷಾಢದಲ್ಲಿ ಆ ಡೈರಿಗಳನ್ನು ಮುಂದಿಟ್ಟುಕೊಂಡು ಹೊಸ ಐಟಂಗಳ ಅಭ್ಯಾಸ, ಪೆಟ್ಟಿಗೆಗಳ ರಿಪೇರಿ, ಬಣ್ಣ. ಚೊಂಬು, ಬಳೆ ಮಾತ್ರ ಪ್ರತಿ ವರ್ಷ ಇರುತ್ತವೆ. ಅವಿಲ್ಲದಿದ್ದರೆ ಮಕ್ಕಳು ಬಿಡುವುದಿಲ್ಲ.

ದರದ ಮಾತು. ‘ಸ್ವಲ್ಪ ಕಡಿಮೆ ಮಾಡಿಕೊಳ್ಳಿ ಸರ್’ ಎನ್ನದ ಆಯೋಜಕರಿಲ್ಲ, ಅವರ ಕಷ್ಟವೂ ನನಗೆ ಅರ್ಥವಾಗುತ್ತದೆ. ಅದೇ ಪ್ರದರ್ಶನವನ್ನು ಕಡಿಮೆ ದುಡ್ಡಿಗೆ ಕೊಟ್ಟರೆ ಪಕ್ಕದ ಶಾಲೆಗೂ ಅದೇ ದರ ಹೇಳಬೇಕಾಗುತ್ತದೆ. ಅದಕ್ಕೇ ಹೊರುವ ಸಾಮಾನಿನ ಮೇಲೆ ಮೂರು ಬಗೆ ಮಾಡಿದ್ದೇನೆ. ಒಂದೇ ಪೆಟ್ಟಿಗೆಯೊಂದಿಗೆ ಬಸ್ಸಿನಲ್ಲಿ ಒಬ್ಬನೇ ಬಂದು ಕೊಡುವ ಮುಕ್ಕಾಲು ಗಂಟೆಯ ಪ್ರದರ್ಶನ. ಒಬ್ಬ ಸಹಾಯಕನೊಂದಿಗೆ ಕಾರಿನಲ್ಲಿ ಬರುವುದು. ದೊಡ್ಡ ಪೆಟ್ಟಿಗೆ, ಪರದೆ, ಇಬ್ಬರು ಸಹಾಯಕರೊಂದಿಗೆ ವ್ಯಾನಿನಲ್ಲಿ ಬರುವುದು. ದುಡ್ಡು ಕಡಿಮೆಯಿದ್ದರೆ ಸಾಮಾನು ಕಡಿಮೆಯಾಗುತ್ತದೆ, ದರ ಇಳಿಯುವುದಿಲ್ಲ. ಮುಂಗಡ ಬಂದ ಮೇಲೆಯೇ ತಾರೀಖು ಬರೆದುಕೊಳ್ಳುತ್ತೇನೆ. ಬೆಂಗಳೂರಿನ ಕಂಪನಿಗಳು ಟಿಡಿಎಸ್ (ಮೊದಲೇ ಕಡಿತವಾಗುವ ತೆರಿಗೆ) ಹಿಡಿದು ಬ್ಯಾಂಕಿಗೆ ಹಾಕುತ್ತವೆ, ಅದೂ ತಡವಾಗಿ. ಬಿಲ್, ಪ್ಯಾನ್ ಎಲ್ಲ ಸರಿಯಾಗಿದ್ದರೆ ಮಾತ್ರ. ಜಿಎಸ್‌ಟಿ ನೋಂದಣಿಗೆ ನಮ್ಮಂಥ ಸೇವೆಗಳಿಗೆ ವರ್ಷದ ವಹಿವಾಟು 20 ಲಕ್ಷ ರೂಪಾಯಿ ದಾಟಬೇಕು. ಹತ್ತಿರ ಬರುತ್ತಿದ್ದರೆ ಮೊದಲೇ ಲೆಕ್ಕಪರಿಶೋಧಕರನ್ನು ಕಾಣುವುದು ಒಳ್ಳೆಯದು. ಹೋಟೆಲುಗಳಲ್ಲಿ ಸಿನಿಮಾ ಹಾಡು ಹಾಕಿದರೆ ಪರವಾನಗಿಯ ಪ್ರಶ್ನೆ ಬರುತ್ತದೆ. ಊರಿನ ಕೀಬೋರ್ಡ್ ವಾದಕರೊಬ್ಬರಿಂದ ನನ್ನ ಪ್ರದರ್ಶನಕ್ಕೆಂದೇ ಸಂಗೀತ ಮಾಡಿಸಿ, ಹಕ್ಕನ್ನು ಬರವಣಿಗೆಯಲ್ಲಿ ಪಡೆದುಕೊಂಡಿದ್ದೇನೆ. ಪಾರಿವಾಳ, ಮೊಲ ಇಟ್ಟುಕೊಂಡಿಲ್ಲ. ಪ್ರದರ್ಶನಕ್ಕೆ ಪ್ರಾಣಿಗಳನ್ನು ಬಳಸಲು 2001ರ ನಿಯಮಗಳ ಪ್ರಕಾರ ನೋಂದಣಿ ಬೇಕು. ನೋಂದಣಿ ಸಿಕ್ಕರೂ ಆ ಜೀವಗಳನ್ನು ಬಸ್ಸಿನಲ್ಲಿ, ಬಿಸಿಲಿನಲ್ಲಿ ಹೊತ್ತು ತಿರುಗುವ ಮನಸ್ಸು ನನಗಿಲ್ಲ.

ಹಳ್ಳಿಗಳಲ್ಲಿ ಪ್ರದರ್ಶನ ಮುಗಿದ ಮೇಲೆ ಯಾರಾದರೂ ಮೆಲ್ಲಗೆ ಬದಿಗೆ ಕರೆಯುತ್ತಾರೆ. ಕಳೆದುಹೋದ ಸರ ಎಲ್ಲಿದೆ ಹೇಳಿ, ಮಗುವಿಗೆ ಆಗಿರುವ ದೃಷ್ಟಿ ತೆಗೆಯಿರಿ, ಎಷ್ಟಾದರೂ ಕೊಡುತ್ತೇವೆ ಎನ್ನುತ್ತಾರೆ. ಆ ದುಡ್ಡು ಪ್ರದರ್ಶನದ ದುಡ್ಡಿಗಿಂತ ಹೆಚ್ಚಿರುವುದೂ ಉಂಟು. ‘ಅಮ್ಮಾ, ಇದು ಕೈಯ ಕೆಲಸ, ಅಭ್ಯಾಸದಿಂದ ಬಂದದ್ದು, ನನ್ನಲ್ಲಿ ಬೇರೆ ಯಾವ ಶಕ್ತಿಯೂ ಇಲ್ಲ’ ಎಂದು ಕುಳಿತು ವಿವರಿಸುತ್ತೇನೆ. ಮಗುವಿಗೆ ಹುಷಾರಿಲ್ಲದಿದ್ದರೆ ವೈದ್ಯರ ಹತ್ತಿರ ಕಳುಹಿಸುತ್ತೇನೆ. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದ ನಾಡು ಇದು. ಅಮಾನವೀಯ ದುಷ್ಟ ಪದ್ಧತಿಗಳ ವಿರುದ್ಧ 2017ರಲ್ಲಿ ಕಾನೂನೂ ಬಂದಿದೆ. ವಿಜ್ಞಾನ ಕಾರ್ಯಕ್ರಮಗಳಿಗೆ ಕರೆದರೆ ಪವಾಡ ಬಯಲು ಮಾಡುತ್ತೇನೆ: ಪೊಟ್ಯಾಸಿಯಂ ಪರ್ಮಾಂಗನೇಟ್ ಮೇಲೆ ಗ್ಲಿಸರಿನ್ ಬಿದ್ದು ಕಡ್ಡಿಯಿಲ್ಲದೆ ಬೆಂಕಿ ಹೊತ್ತುವುದನ್ನು ತೋರಿಸಿ, ಕಾರಣವನ್ನೂ ಹೇಳುತ್ತೇನೆ. ಜನರನ್ನು ವಂಚಿಸಲು ಬಳಸುವ ತಂತ್ರವನ್ನು ಬಿಚ್ಚಿಡಲೇಬೇಕು. ರಂಜನೆಗೆ ಇರುವ ತಂತ್ರದ ಗುಟ್ಟನ್ನು ಮಾತ್ರ ಬಿಡುವುದಿಲ್ಲ, ಅದು ಇತರ ಕಲಾವಿದರ ಅನ್ನವೂ ಹೌದು. ಈ ಗೆರೆಯನ್ನು ಸ್ಪಷ್ಟವಾಗಿ ಇಟ್ಟುಕೊಂಡದ್ದರಿಂದಲೇ ಶಿಕ್ಷಕರಿಗೆ ನನ್ನ ಮೇಲೆ ಭರವಸೆ ಬಂದಿದೆ.

ಸಹಾಯಕರಿಗೆ ಪ್ರದರ್ಶನದ ರಾತ್ರಿಯೇ ಸಂಬಳ ಕೊಡುತ್ತೇನೆ, ನನ್ನ ಚೆಕ್ ಬರುವುದು ತಿಂಗಳಾದರೂ ಸರಿ. ಅವರಲ್ಲಿ ಹಿರಿಯವನಿಗೆ ಈಗ ಒಂದು ಪೆಟ್ಟಿಗೆಯ ಪ್ರದರ್ಶನ ಪೂರ್ತಿ ಬರುತ್ತದೆ. ಜನವರಿಯಲ್ಲಿ ಒಂದೇ ದಿನಕ್ಕೆ ಎರಡು ಶಾಲೆಗಳು ಕೇಳಿದರೆ ಚಿಕ್ಕದಕ್ಕೆ ಅವನ ಹೆಸರಿನಲ್ಲೇ ಕೊಟೇಶನ್ ಕಳುಹಿಸುತ್ತೇನೆ. ಸಾಮಾನಿನ ಬಾಡಿಗೆ ಕಳೆದು ಉಳಿದದ್ದು ಅವನಿಗೆ. ಮುಂದಿನ ವರ್ಷ ಆ ಶಾಲೆಯವರು ಅವನನ್ನೇ ಕೇಳಿದರೆ ಆ ಶಾಲೆಯ ಡೈರಿಯನ್ನೂ ಅವನಿಗೇ ಕೊಟ್ಟುಬಿಡುತ್ತೇನೆ.