ಸಣ್ಣ ಮನೆಯಲ್ಲಿ ಮೂರು ಮೆಟ್ಟಿಲ ದಸರಾ ಗೊಂಬೆ

ಮೊದಲು ರಾಗಿ ನೆನೆಸಿ. ಗೊಂಬೆ, ಮೆಟ್ಟಿಲು, ಹೂವು ಎಲ್ಲ ಆಮೇಲೆ.

ಆಶ್ವಯುಜ ಶುದ್ಧ ಪಾಡ್ಯದ ದಿನ ಗೊಂಬೆ ಕೂರಿಸುವಾಗ ಮೆಟ್ಟಿಲ ಮುಂದೆ ತಟ್ಟೆಯಲ್ಲಿ ಮಾಡುವ ಪುಟ್ಟ ಪಾರ್ಕು ಹಸಿರಾಗಿರಬೇಕು ಅಂದ್ರೆ ರಾಗಿಯನ್ನು ಒಂದು ವಾರ ಮೊದಲೇ ಬಿತ್ತಬೇಕು. ಅದು ಪಿತೃಪಕ್ಷ ಅಲ್ವಾ ಅಂತ ಕೆಲವರು ಹಿಂಜರಿಯುತ್ತಾರೆ. ಮೈಸೂರಿನಲ್ಲಿ ನಮ್ಮಮ್ಮ, ‘ಇದು ಮಕ್ಕಳಾಟ ಕಣೆ, ಬಿತ್ತು’ ಅನ್ನುತ್ತಿದ್ದರು. ನಾನೂ ಹಾಗೇ ಬಿತ್ತುತ್ತೇನೆ. ಗೊಂಬೆಯ ಟ್ರಂಕನ್ನು ಮಾತ್ರ ಮಹಾಲಯ ಅಮಾವಾಸ್ಯೆ ಸಂಜೆಯವರೆಗೂ ಅಟ್ಟದಿಂದ ಇಳಿಸುವುದಿಲ್ಲ.

ಒಂದು ಹಿಡಿ ರಾಗಿ ರಾತ್ರಿ ನೆನೆಸಿ, ಬೆಳಿಗ್ಗೆ ನೀರು ಬಸಿದು ಬಟ್ಟೆಯಲ್ಲಿ ಕಟ್ಟಿಡಿ. ಮರುದಿನ ಬಿಳಿ ಮೊಳಕೆ ಇಣುಕುತ್ತದೆ. ಹಳೆ ಸ್ಟೀಲ್ ತಟ್ಟೆಯಲ್ಲಿ ಒಂದಿಂಚು ಕೆಮ್ಮಣ್ಣು ಹರಡಿ, ರಾಗಿ ಉದುರಿಸಿ, ಮೇಲೆ ತೆಳ್ಳಗೆ ಮಣ್ಣು ಮುಚ್ಚಿ. ನೀರು ಸುರಿಯಬೇಡಿ, ಕೈಯಲ್ಲಿ ಚಿಮುಕಿಸಿ. ತಟ್ಟೆಗೆ ತೂತಿಲ್ಲವಲ್ಲ, ನೀರು ನಿಂತರೆ ಬೂಷ್ಟು. ಮೊದಲ ವರ್ಷ ನನ್ನ ಪಾರ್ಕು ಹಾಗೇ ನಾತ ಹೊಡೆದು, ಹಬ್ಬದ ಹಿಂದಿನ ದಿನ ಕಸಕ್ಕೆ ಹೋಯಿತು. ಪೈರು ಮೇಲೆ ಬಂದಾಗ ತಟ್ಟೆಯನ್ನು ಕಿಟಕಿ ಪಕ್ಕ ಇಟ್ಟು ಬೆಳಿಗ್ಗೆ, ಸಂಜೆ ಅರ್ಧ ಸುತ್ತು ತಿರುಗಿಸಿ. ಇಲ್ಲದಿದ್ದರೆ ಎಲ್ಲ ಬೆಳಕಿನ ಕಡೆ ವಾಲಿ, ಗಾಳಿಗೆ ಮಲಗಿದ ಗದ್ದೆಯ ಹಾಗೆ ಆಗುತ್ತದೆ. ಮೆಂತ್ಯ, ಸಾಸಿವೆಯೂ ನಡೆಯುತ್ತವೆ. ಆದರೆ ಹುಲ್ಲಿನ ಹಾಗೆ ಕಾಣೋದು ರಾಗಿಯೇ.

ಮೆಟ್ಟಿಲು ಬೆಸ ಸಂಖ್ಯೆಯಲ್ಲಿರಬೇಕು: ಮೂರು, ಐದು, ಏಳು, ಒಂಬತ್ತು. ಬೆಂಗಳೂರಿನ ನಮ್ಮ ಬಾಡಿಗೆ ಮನೆಗೆ ಮೂರೇ ಜಾಸ್ತಿ. ಇದಕ್ಕೆ ಅಂತ ಸ್ಟ್ಯಾಂಡ್ ಕೊಳ್ಳಬೇಡಿ, ಉಳಿದ 355 ದಿನ ಅದನ್ನು ಎಲ್ಲಿಡ್ತೀರಿ? ಖಾಲಿಯಾದ ಟ್ರಂಕನ್ನು ಟೇಬಲ್ ಮೇಲಿಟ್ಟರೆ ಮೇಲಿನ ಮೆಟ್ಟಿಲು. ಅದರ ಮುಂದೆ ಬೆಂಚು. ಅದರ ಮುಂದೆ ಎರಡು ಮಣೆ. ರಟ್ಟಿನ ಪೆಟ್ಟಿಗೆ ಮಾತ್ರ ಬೇಡ, ಮೂರನೇ ದಿನಕ್ಕೆ ನಡು ಕುಸಿಯುತ್ತದೆ. ಮೇಲಿಂದ ಕೆಳಗಿನವರೆಗೆ ಒಂದೇ ಬಿಳಿ ಪಂಚೆ ಹೊದಿಸಿ, ಮೂಲೆಗಳಲ್ಲಿ ಪಿನ್ ಹಾಕಿ. ಬಣ್ಣಬಣ್ಣದ ಸೀರೆ ಹೊದಿಸಿದರೆ ಗೊಂಬೆ ಕಾಣುವುದಿಲ್ಲ, ಸೀರೆ ಕಾಣುತ್ತದೆ.

ಮಣ್ಣಿನ ಗೊಂಬೆಗೆ ಒದ್ದೆ ಬಟ್ಟೆ ತಾಗಿಸಬೇಡಿ, ಬಣ್ಣ ಕೈಗೆ ಬರುತ್ತದೆ. ಮೆತ್ತನೆ ಬ್ರಷ್ಷಿನಲ್ಲಿ ಧೂಳು ಹಾರಿಸಿ. ಚನ್ನಪಟ್ಟಣದವನ್ನು ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು. ಅವುಗಳ ಹೊಳಪು ಅರಗಿನದು. ದೀಪದ ಪಕ್ಕ ಇಟ್ಟರೆ ಕಾವಿಗೆ ಅರಗು ಮೆತ್ತಗಾಗುತ್ತದೆ.

ಮೇಲಿನ ಮೆಟ್ಟಿಲಲ್ಲಿ ಕಳಶ, ಪಟ್ಟದ ಗೊಂಬೆ. ರಾಜ, ಅವನ ಎಡಕ್ಕೆ ರಾಣಿ. ನನ್ನ ಜೋಡಿ ಮದುವೆಯಲ್ಲಿ ತವರಿನಿಂದ ಬಂದದ್ದು, ಮರದ್ದು, ಒಂದು ಗೇಣು ಎತ್ತರ. ಪ್ರತಿ ವರ್ಷ ಹೊಸ ಬಟ್ಟೆ ಆಗಲೇಬೇಕು. ಜರಿ ಅಂಚಿರುವ ರವಿಕೆ ಕಣದಿಂದ ಐದಿಂಚು ಅಗಲ, ಎರಡಡಿ ಉದ್ದದ ಪಟ್ಟಿ ಕತ್ತರಿಸಿ. ಗೊಂಬೆಗೆ ಸುತ್ತಿಕೊಂಡು ನೆರಿಗೆ ಹಿಡಿಯಲು ಹೋದರೆ ಬರುವುದೇ ಇಲ್ಲ. ಮೊದಲು ಮೇಜಿನ ಮೇಲೆ ಕಾಗದದ ಬೀಸಣಿಗೆಯ ಹಾಗೆ ಮಡಿಸಿ, ಹೇರ್‌ಕ್ಲಿಪ್ ಹಾಕಿ, ಸಣ್ಣ ಬಿಸಿಯಲ್ಲಿ ಇಸ್ತ್ರಿ ಮಾಡಿ. ಆಮೇಲೆ ಸೊಂಟಕ್ಕೆ ದಾರ ಕಟ್ಟಿ ಸಿಕ್ಕಿಸಿ. ರಾಜನ ಪೇಟಕ್ಕೆ ಉಳಿದ ಅಂಚು ಸಾಕು.

ನಡು ಮೆಟ್ಟಿಲು ಜಂಬೂಸವಾರಿಗೆ. ಮೈಸೂರಿನ ಹುಡುಗಿ ನಾನು, ಇದನ್ನು ಬಿಡಲಾರೆ. ಅರಮನೆಯ ಅಂಬಾರಿ 750 ಕೆಜಿ, ನಮ್ಮದು ಬೆಂಕಿಪೊಟ್ಟಣಕ್ಕೆ ಚಿನ್ನದ ಬಣ್ಣದ ಕಾಗದ ಅಂಟಿಸಿದ್ದು. ಚನ್ನಪಟ್ಟಣದ ಆನೆ ಮೇಲೆ ರಬ್ಬರ್‌ಬ್ಯಾಂಡ್ ಹಾಕಿ ಕೂರಿಸುತ್ತೇನೆ. ಹಿಂದೆ ಸಿಪಾಯಿಗಳು. ಸಾಲು ಸ್ವಲ್ಪ ಓರೆಯಾಗಿ ಸಾಗಲಿ, ನೆಟ್ಟಗೆ ನಿಲ್ಲಿಸಿದರೆ ಅಂಗಡಿಯ ಶೋಕೇಸ್ ಆಗಿಬಿಡುತ್ತದೆ.

ಕೆಳಗೆ ಮಕ್ಕಳ ಕೈಗೆಟಕುವಲ್ಲಿ ಹೊಟ್ಟೆ ಬಿಟ್ಟ ಶೆಟ್ಟಿ, ಪಕ್ಕದಲ್ಲಿ ಅವನ ಹೆಂಡತಿ, ಮುಂದೆ ಅಂಗಡಿ. ಬಾಟಲಿ ಮುಚ್ಚಳಗಳಲ್ಲಿ ಅಕ್ಕಿ, ತೊಗರಿಬೇಳೆ, ಹೆಸರುಕಾಳು, ಮೆಣಸು. ಒಂದು ವರ್ಷ ಚೆಂದ ಕಾಣಲಿ ಅಂತ ಬೆಲ್ಲದ ಚೂರೂ ಇಟ್ಟೆ. ಬೆಳಿಗ್ಗೆ ನೋಡಿದರೆ ಇರುವೆ ಸಾಲು ಶೆಟ್ಟಿಯ ಹೊಟ್ಟೆ ಹತ್ತಿ ಜಂಬೂಸವಾರಿಯವರೆಗೆ ಹೋಗಿತ್ತು! ಈಗ ಬೆಲ್ಲದ ಬದಲು ಇಟ್ಟಿಗೆ ಚೂರು. ರಾಗಿ ತಟ್ಟೆಯನ್ನು ನೆಲದ ಮೇಲೆ ಇದರ ಮುಂದಿಡಿ. ನಡುವೆ ಮರಳಿನ ದಾರಿ ಹಾಕಿ, ಒಂದು ಕನ್ನಡಿ ಚೂರನ್ನು ಅಂಚು ಕಾಣದ ಹಾಗೆ ಮಣ್ಣಲ್ಲಿ ಹುದುಗಿಸಿದರೆ ಕೆರೆ.

ಹೂವಿಗೆ ಚೆಂಡುಹೂ, ಸೇವಂತಿಗೆ. ಬಾಡದಿರಲಿ ಅಂತ ಹಾರಕ್ಕೆ ನೀರು ಚಿಮುಕಿಸಿದರೆ ಚೆಂಡುಹೂ ಒಳಗಿಂದ ಕೊಳೆಯುತ್ತದೆ. ಸುಮ್ನೆ ಬಿಡಿ.

ಸಂಜೆ ಮಕ್ಕಳನ್ನು ಕರೆದು, ಆರತಿ ಮಾಡಿ, ಕೈಗೆ ಕೊಬ್ಬರಿ ಮಿಠಾಯಿಯೋ ಚಕ್ಕುಲಿಯೋ ಹಾಕಿ. ಮುಟ್ಟಬೇಡ ಅನ್ನಬೇಡಿ, ಒಡೆಯುವಂಥದ್ದನ್ನು ಮೇಲಿಡಿ ಅಷ್ಟೇ.

ವಿಜಯದಶಮಿ ರಾತ್ರಿ ರಾಜ, ರಾಣಿಯನ್ನು ಮಲಗಿಸಿ. ಮರುದಿನ ಮಣ್ಣಿನ ಗೊಂಬೆಗಳನ್ನು ಹಳೆ ಕಾಟನ್ ಸೀರೆ ತುಂಡಿನಲ್ಲಿ, ಉಳಿದವನ್ನು ಪೇಪರಿನಲ್ಲಿ ಸುತ್ತಿ. ಭಾರದ್ದು ಟ್ರಂಕಿನ ತಳಕ್ಕೆ. ನಡುನಡುವೆ ಚೆನ್ನಾಗಿ ಒಣಗಿದ ಬೇವಿನ ಸೊಪ್ಪು ಹಾಕಿ. ಹಸಿ ಸೊಪ್ಪು ಹಾಕಿದರೆ ತೇವ ಹಿಡಿಯುತ್ತದೆ. ಶೆಟ್ಟಿಯ ಬೇಳೆಕಾಳನ್ನು ಮರೆಯದೆ ತೆಗೆದಿಡಿ, ಅದು ಹುಳಿಗೆ ಆಗುತ್ತದೆ.